ಅಳಿಯ ಮಾಡಿದ ಬಾಣಂತನ

ಗಂಡಸರು ಬಾಣಂತನ ಮಾಡಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ, ಅಷ್ಟೇ. ಬಾಣಂತನವೆಂದರೆ ತವರು, ತವರೆಂದರೆ ತಾಯಿ. ಗಂಡನಾದವನು ಪೇಡ ಹಂಚಬೇಕು, ಮಗುವಿನ ಮೂಗು ಯಾರ ಕಡೆಯದು ಎಂಬ ಚರ್ಚೆಯಲ್ಲಿ ಸೋಲಬೇಕು, ಆಮೇಲೆ ಸುಮ್ಮನೆ ಪಕ್ಕಕ್ಕೆ ನಿಲ್ಲಬೇಕು. ಕುಂದಾಪುರದ ಕಡೆಯ ರತ್ನಾಕರನೂ ಹಾಗೆ ಪಕ್ಕಕ್ಕೆ ನಿಲ್ಲಲು ಸಂತೋಷದಿಂದಲೇ ತಯಾರಾಗಿದ್ದ. ಎರಡು ಸಾವಿರದ ಇಪ್ಪತ್ತನೇ ಇಸವಿ ಅವನನ್ನು ನಿಲ್ಲಲು ಬಿಡಲಿಲ್ಲ.

ರತ್ನಾಕರ ಇದ್ದದ್ದು ಮಲೇಷ್ಯಾದ ಕ್ಲಾಂಗ್‌ನಲ್ಲಿ. ಕ್ವಾಲಾಲಂಪುರದ ಗತ್ತು ಇಲ್ಲದ, ಹಾಗಂತ ಸಣ್ಣ ಊರು ಎಂದರೆ ಅಲ್ಲಿಯವರಿಗೆ ಸಿಟ್ಟು ಬರುವ ಪಟ್ಟಣ ಅದು. ಬಂದರಿನಲ್ಲಿ ಸರಕು ಸಾಗಿಸುವ ಒಂದು ಕಂಪನಿಯಲ್ಲಿ ಅವನ ಕೆಲಸ. ಯಾವ ಕಂಟೇನರ್ ಯಾವ ಹಡಗು ಹತ್ತಬೇಕು, ಹತ್ತದೆ ಉಳಿದದ್ದು ಯಾಕೆ ಉಳಿಯಿತು ಎಂದು ದಿನವಿಡೀ ಫೋನಿನಲ್ಲಿ ಕೂಗಾಡುವುದು. ಭಾನುವಾರ ಬೆಳಿಗ್ಗೆ ಬ್ಯಾಡ್ಮಿಂಟನ್. ಆಟ ಮುಗಿದ ಮೇಲೆ ಗೆಳೆಯ ಶ್ರೀಪತಿಯ ಜೊತೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಕುಳಿತು ಪರೋಟದಂಥ ರೊಟ್ಟಿ ಚಾನಾಯ್ ಮುರಿಯುತ್ತ, ನೊರೆ ನೊರೆಯಾದ ಚಹಾ ಕುಡಿಯುತ್ತ ಊರಿನ ಸುದ್ದಿ. ಹೆಂಡತಿ ಮಾನಸ ಮೈಸೂರಿನವಳು. ಮದುವೆಯಾಗಿ ಬಂದ ಹೊಸತರಲ್ಲಿ ಅವನ ‘ಎಂತ’, ‘ಉಂಟು’ ಕೇಳಿ ನಗುತ್ತಿದ್ದವಳು ಈಗ ಸಿಟ್ಟು ಬಂದಾಗ ತಾನೂ ‘ಎಂತದು ನಿಮ್ಮದು’ ಎನ್ನುತ್ತಿದ್ದಳು. ಮೇ ತಿಂಗಳ ಮೊದಲಿಗೆ ಹೆರಿಗೆಯ ದಿನ. ಮಾರ್ಚ್ ಕೊನೆಗೆ ಅವಳ ತಾಯಿ ಚಂದ್ರಮ್ಮ ವಿಮಾನ ಹತ್ತುವುದೆಂದು ಗೊತ್ತಾಗಿತ್ತು.

ಚಂದ್ರಮ್ಮನ ಸೂಟ್‌ಕೇಸು ಶಿವರಾತ್ರಿಗೇ ತುಂಬಿತ್ತು. ಮೆಂತ್ಯದ ಲೇಹ್ಯ, ಮೆಣಸು ಜೀರಿಗೆ ಕುಟ್ಟಿದ ಪುಡಿ, ಸಾಂಬ್ರಾಣಿ ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ ಒಗೆದು ಒಗೆದು ಹೂವಿನಷ್ಟು ಮೆತ್ತಗಾದ ಅವರ ಹಳೆಯ ಹತ್ತಿ ಸೀರೆಗಳು. ಹುಟ್ಟಿದ ಮಗುವನ್ನು ಸುತ್ತುವುದು ಅಜ್ಜಿಯ ಹಳೆಸೀರೆಯಲ್ಲೇ ಎಂಬುದು ಆ ಮನೆಯ ಪದ್ಧತಿ. ಹೊಸ ಬಟ್ಟೆ ಮಗುವಿಗೆ ಚುಚ್ಚುತ್ತದೆ, ಅಂಗಡಿಯ ಬಟ್ಟೆಗೆ ಯಾರ ವಾಸನೆಯೂ ಇರುವುದಿಲ್ಲ ಎಂದು ಚಂದ್ರಮ್ಮ ಹೇಳುತ್ತಿದ್ದರು.

ಮಾರ್ಚ್ ನಡುವಿನಲ್ಲಿ ಮಲೇಷ್ಯಾ ಬಾಗಿಲು ಹಾಕಿಕೊಂಡಿತು. ಬೆನ್ನಿಗೇ ಭಾರತವೂ ಹಾಕಿಕೊಂಡಿತು. ಸೂಟ್‌ಕೇಸು ಮೈಸೂರಿನ ಮಂಚದ ಕೆಳಗೆ ಉಳಿಯಿತು.

ಆ ದಿನ ಫೋನಿನಲ್ಲಿ ತಾಯಿ ಮಗಳು ಇಬ್ಬರೂ ಅತ್ತರು. ರತ್ನಾಕರನ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ಕಡೆಯಿಂದಲೂ ಬರುವವರಿರಲಿಲ್ಲ. ಅಳು ನೋಡಲಾರದೆ ಅವನು ಎದ್ದು ನಿಂತು, “ಯಾಕೆ ಅಳ್ತೀರಿ ಅತ್ತೆ? ನಾನೇ ಮಾಡ್ತೇನೆ ಬಾಣಂತನ” ಎಂದುಬಿಟ್ಟ.

ಆ ಕಡೆ ಅಳು ಗಕ್ಕನೆ ನಿಂತಿತು. ಆಮೇಲೆ ಚಂದ್ರಮ್ಮ ಮಗಳಿಗೆ ಹೇಳಿದರು: “ನಿಮ್ಮ ಯಜಮಾನರಿಗೆ ಹೇಳಮ್ಮ, ತಮಾಷೆ ಮಾಡೋ ಹೊತ್ತಲ್ಲ ಇದು.”

ಚಂದ್ರಮ್ಮ ಅಳಿಯನೊಡನೆ ಎಂದೂ ನೇರವಾಗಿ ಮಾತನಾಡಿದವರಲ್ಲ. ಊಟಕ್ಕೆ ಏಳಿ ಎನ್ನಬೇಕಾದರೂ ಮಗಳ ಮೂಲಕವೇ. ಅಳಿಯನೆಂದರೆ ಮಣೆ ಹಾಕಿ ಕೂರಿಸುವ ಮನುಷ್ಯ, ಅವನಿಗೆ ಕೆಲಸ ಹೇಳುವುದುಂಟೆ? ಅಂಥವರ ಮುಂದೆ ಅಳಿಯ ಬಚ್ಚಲುಮನೆಯ ಮಾತಾಡಿದ್ದ. ಪಾಪ, ಅವರಿಗೆ ನಾಚಿಕೆಯೋ ಸಿಟ್ಟೋ ತಿಳಿಯಲಿಲ್ಲ.

ಸುದ್ದಿ ಕೇಳಿ ಶ್ರೀಪತಿಯಂತೂ ಬಿದ್ದು ಬಿದ್ದು ನಕ್ಕ. ಅವನು ಬೆಂಗಳೂರಿನವನು, ಸಾಫ್ಟ್‌ವೇರ್ ಕೆಲಸ, ಕ್ವಾಲಾಲಂಪುರದ ಬಾಂಗ್ಸಾರ್‌ನಲ್ಲಿ ಮನೆ. “ಏನ್ ಗುರು, ಮೆಟರ್ನಿಟಿ ಲೀವ್ ಅಪ್ಲೈ ಮಾಡಿದ್ಯಾ? ಸೀರಿಯಸ್ ಆಗಿ ಹೇಳು, ಮಗು ತಲೆ ಯಾವ ಕಡೆ ಅಂತಾದ್ರೂ ಗೊತ್ತಾ ನಿಂಗೆ?”

“ನಗು ಮಾರಾಯ, ನಗು. ನಿನಗೂ ಒಂದು ದಿನ ಉಂಟು” ಎಂದ ರತ್ನಾಕರ. ಅವನದು ಉಡದ ಪಟ್ಟು. ನಕ್ಕಷ್ಟೂ ಬಿಗಿಯಾಗುವ ಜಾತಿ.

ಬಾಣಂತನದ ಬೇರೆ ಕೆಲಸಗಳೆಲ್ಲ ಅಡುಗೆಮನೆಯವು. ಕಲಿತರೆ ಬಂದಾವು. ಕಷ್ಟದ್ದೆಂದರೆ ಮಗುವಿಗೆ ನೀರು ಹಾಕುವುದು. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕುಳಿತು, ಎರಡೂ ಕಾಲು ನೀಳವಾಗಿ ಚಾಚಿ, ಮೊಣಕಾಲಿನ ಕೆಳಗಿನ ಆ ಇಳಿಜಾರಿನಲ್ಲಿ ಎಣ್ಣೆ ಹಚ್ಚಿದ ಕೂಸನ್ನು ಮಲಗಿಸಿಕೊಂಡು ಬಿಸಿನೀರು ಎರೆಯಬೇಕು. ಅಜ್ಜಿಯರು ಮಾತಾಡುತ್ತಲೇ ಮಾಡಿ ಮುಗಿಸುತ್ತಾರೆ. ರತ್ನಾಕರ ಎಳವೆಯಲ್ಲಿ ಅಕ್ಕನ ಮಗನಿಗೆ ಅಮ್ಮ ನೀರು ಹಾಕುವುದನ್ನು ಬಾಗಿಲ ಸಂದಿಯಿಂದ ನೋಡಿದ್ದನೇ ಹೊರತು ಬೇರೇನೂ ಅರಿಯ.

ಹಾಗಾಗಿ ಅಭ್ಯಾಸಕ್ಕೆ ಒಂದು ಬೂದುಗುಂಬಳಕಾಯಿ ತಂದ. ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದು, ಅದೂ ಹತ್ತು ಕಿಲೋಮೀಟರಿನ ಒಳಗೆ ಎಂಬ ಕಟ್ಟಳೆಯಿತ್ತು. ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ದೊಡ್ಡ ಅಂಗಡಿಗಳು ದೂರವಾದವು. ಕ್ಲಾಂಗ್‌ನದೇ ಇಂಡಿಯನ್ ಬೀದಿಯಲ್ಲಿ ತಮಿಳರ ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಹತ್ತಾರು ಕಾಯಿ ತೋಳಿನಲ್ಲಿ ಆಡಿಸಿ ನೋಡಿ, ಕೂಸಿನ ತೂಕದ್ದನ್ನೇ ಆರಿಸಿದ. ಅಂಗಡಿಯಾತ ಇವನಿಗೆ ಜ್ವರ ತಲೆಗೇರಿದೆ ಎಂದುಕೊಂಡಿರಬೇಕು, ಎರಡು ಹೆಜ್ಜೆ ಹಿಂದೆ ಸರಿದ.

ಮನೆಗೆ ಬಂದು ಪಂಚೆ ತೊಡೆಯವರೆಗೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಕುಳಿತು, ಕುಂಬಳಕಾಯಿಗೆ ಕೊಬ್ಬರಿ ಎಣ್ಣೆ ಸವರಿ ಕಾಲ ಮೇಲೆ ಮಲಗಿಸಿದ. ಮೊದಲ ಚೊಂಬು ನೀರಿಗೇ ಅದು ಜಾರಿ, ಪಾದ ದಾಟಿ, ಉರುಳಿಕೊಂಡು ಹೋಗಿ ಗೋಡೆಗೆ ಢಿಕ್ಕಿ ಹೊಡೆಯಿತು. ಬಾಗಿಲಲ್ಲಿ ನಿಂತಿದ್ದ ಮಾನಸ ಹೊಟ್ಟೆ ಹಿಡಿದುಕೊಂಡು ನಗಲಾರಂಭಿಸಿದಳು. ನಗುನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಆ ನೀರು ಪೂರ್ತಿ ನಗುವಿನದಲ್ಲ ಎಂದು ಅವನಿಗೆ ತಿಳಿಯಿತು. ಕಾಯಿಯನ್ನು ಎತ್ತಿ ತಂದು ಮತ್ತೆ ಮಲಗಿಸಿದ. ಹೆರಿಗೆಯ ಹೊತ್ತಿಗೆ ಅವನ ಕಾಲ ಮೇಲಿಂದ ಕುಂಬಳಕಾಯಿ ಜಾರುವುದು ನಿಂತಿತ್ತು. ಅಷ್ಟು ಸ್ನಾನ ಮಾಡಿದ ಕುಂಬಳಕಾಯಿ ಕೊನೆಗೆ ಮಜ್ಜಿಗೆ ಹುಳಿಯಾಯಿತು.

ಮೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು. ಹಂಸಾ ಎಂದು ಹೆಸರಿಟ್ಟರು. ಗಂಡಂದಿರನ್ನು ಹೆರಿಗೆಯ ಕೋಣೆಗಿರಲಿ, ಆಸ್ಪತ್ರೆಯ ಒಳಕ್ಕೇ ಬಿಡುತ್ತಿರಲಿಲ್ಲ. ರತ್ನಾಕರ ಕಾರಿನಲ್ಲಿ ಕುಳಿತೇ ತಂದೆಯಾದ. ಮಗುವನ್ನು ಮೊದಲ ಸಲ ಸುತ್ತಿದ್ದು ಆಸ್ಪತ್ರೆಯ ಟವೆಲ್ಲಿನಲ್ಲಿ, ಎರಡನೆಯ ಸಲ ಅಪ್ಪನ ಹಳೆಯ ಪಂಚೆಯಲ್ಲಿ. ಮನೆಯಲ್ಲಿ ಮೆತ್ತಗಿನ ಹಳೆಬಟ್ಟೆ ಎಂದರೆ ಅದೊಂದೇ ಇತ್ತು. ಚಂದ್ರಮ್ಮ ವಿಡಿಯೋದಲ್ಲಿ ಅದನ್ನು ನೋಡಿ ಮಂಚದ ಕೆಳಗಿನ ಸೂಟ್‌ಕೇಸಿನ ಕಡೆ ಕಣ್ಣು ಹಾಯಿಸಿದರು. ಅದು ಬೈದದ್ದಕ್ಕಿಂತ ಹೆಚ್ಚಾಗಿ ರತ್ನಾಕರನನ್ನು ನೋಯಿಸಿತು.

ಅದೇ ವಾರ ಇನ್ನೊಂದು ಸುದ್ದಿ ಬಂತು. ಹೊರದೇಶಗಳಲ್ಲಿ ಸಿಕ್ಕಿಕೊಂಡ ಭಾರತೀಯರನ್ನು ಕರೆತರಲು ಸರಕಾರ ವಿಶೇಷ ವಿಮಾನ ಬಿಡುತ್ತದಂತೆ. ಚಂದ್ರಮ್ಮ ಪಟ್ಟು ಹಿಡಿದರು. “ಮಗೂದು ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಹೊರಟು ಬಂದ್ಬಿಡು ಮಾನಸ. ಎರಡು ಮೂರು ತಿಂಗಳಾದ್ರೂ ನಾನು ನೋಡ್ಕೋತೀನಿ. ಬಾಣಂತೀಲಿ ಕೆಟ್ಟ ಮೈ ಜನ್ಮಪೂರ್ತಿ ಸರಿ ಹೋಗಲ್ಲ ಕಣೇ.”

ಹೋಗುವುದು ಸುಲಭ, ಮರಳುವುದು ಯಾರ ಕೈಯಲ್ಲಿದೆ? ಪರದೇಶದವರಿಗೆ ಮಲೇಷ್ಯಾ ಮತ್ತೆ ಯಾವಾಗ ಬಾಗಿಲು ತೆರೆಯುತ್ತದೆಂದು ಬ್ರಹ್ಮನಿಗೂ ಗೊತ್ತಿರಲಿಲ್ಲ. ಬಂದರಿನ ಕೆಲಸ ಬಿಟ್ಟು ಅವನು ಹೋಗುವಂತಿಲ್ಲ. ಮಗಳು ಕವುಚಿ ಬೀಳುವುದು, ಅಂಬೆಗಾಲಿಡುವುದು, ಮೊದಲ ಮಾತು, ಎಲ್ಲವೂ ಫೋನಿನಲ್ಲೇ ಆಗಿಹೋಗುತ್ತದೆ ಎಂದು ರತ್ನಾಕರ ಯೋಚಿಸಿದ. “ಹೋಗಬೇಡ” ಎಂಬ ಮಾತು ಬಾಯಿಯವರೆಗೆ ಬಂತು. ಆದರೆ ಅನ್ನಲಿಲ್ಲ. ತಾಯಿ ಮಾಡುವುದನ್ನು ತಾನು ಮಾಡಿ ತೋರಿಸದೆ ಹಾಗನ್ನುವ ಹಕ್ಕು ತನಗಿಲ್ಲ ಎಂದುಕೊಂಡ. “ಪಾಸ್‌ಪೋರ್ಟ್ ಬರಲಿ, ಅಲ್ಲಿವರೆಗೆ ನೋಡು. ನಿನ್ನ ಮೈಗೆ, ಮಗುವಿನ ಮೈಗೆ ಸಮ ಆಗದಿದ್ದರೆ ನಾನೇ ವಿಮಾನ ಹತ್ತಿಸ್ತೇನೆ” ಎಂದ. ಮಾನಸ ಒಪ್ಪಿದಳು.

ಹೊಕ್ಕುಳಬಳ್ಳಿ ಉದುರಿದ ಮೇಲೆ ಮೊದಲ ನೀರು. ಚಂದ್ರಮ್ಮ ವಿಡಿಯೋದಲ್ಲಿ ಮಾರ್ಗದರ್ಶನಕ್ಕೆ ಕುಳಿತರು. ಮಾನಸ ಫೋನು ಹಿಡಿದಳು. ರತ್ನಾಕರ ಪಂಚೆ ಎತ್ತಿ ಕಟ್ಟಿ ಕಾಲು ಚಾಚಿದ್ದೇ ತಡ, ಮೈಸೂರಿನಲ್ಲಿ ಚಂದ್ರಮ್ಮ ಗೋಡೆಯ ಕಡೆ ಮುಖ ತಿರುಗಿಸಿದರು.

“ಮಾನಸ, ಅವರಿಗೆ ಹೇಳೇ, ಪಂಚೆ ಸ್ವಲ್ಪ ಇಳಿಸ್ಕೊಳ್ಳಕ್ಕೆ.”

“ಪಂಚೆ ಮೇಲೆ ಮಗು ಮಲಗಿಸಿದ್ರೆ ಜಾರತ್ತಮ್ಮ!”

“ಹಾಗಂತ ಅಳಿಯಂದಿರ ಕಾಲು ನೋಡ್ತಾ ಕೂತ್ಕೊಳ್ಲಾ ನಾನು?”

ಕೊನೆಗೆ ಒಪ್ಪಂದವಾಯಿತು. ಚಂದ್ರಮ್ಮ ಗೋಡೆ ನೋಡಿಕೊಂಡೇ ಹೇಳುವುದು, ಮಾನಸ ಅದನ್ನು ಗಂಡನಿಗೆ ಹೇಳುವುದು. ಗಂಡನಿಗೆ ಎರಡೂ ಸಲ ಕೇಳಿಸುತ್ತಿತ್ತು. ಆದರೂ ಮರ್ಯಾದೆ ಮರ್ಯಾದೆಯೇ. “ಮೊದಲು ಬೋರಲು ಮಲಗಿಸೋಕೆ ಹೇಳು” ಎಂದು ಅತ್ತೆ, “ಬೋರಲು ಮಲಗಿಸಬೇಕಂತೆ” ಎಂದು ಹೆಂಡತಿ. ಈ ಮೆರವಣಿಗೆಯಲ್ಲಿ ನೀರು ಆರತೊಡಗಿತು. ಚಳಿ ಹತ್ತಿದ ಹಂಸಾ ಕಟ್ಟಡ ಕಿತ್ತುಹೋಗುವಂತೆ ಕಿರುಚಿ ಬೆನ್ನು ಬಿಲ್ಲಿನಂತೆ ಬಾಗಿಸಿದಳು. ಅವಳ ತಲೆ ಅವನ ಕಾಲಿನಿಂದ ಒಂದು ಪಕ್ಕಕ್ಕೆ ವಾಲಿತು.

ಮಗುವಿನ ಕೂಗು ಕೇಳಿ ಚಂದ್ರಮ್ಮ ಗಕ್ಕನೆ ತಿರುಗಿದರು. “ಕುತ್ತಿಗೆ! ಕುತ್ತಿಗೆ ಹಿಡೀರಿ! ಎಡಗೈ ಕೆಳಗೆ ಕೊಡಿ ಅಳಿಯಂದ್ರೇ, ಕುತ್ತಿಗೆ, ಕುತ್ತಿಗೆ!”

ರತ್ನಾಕರನ ಎಡಗೈ ತಾನಾಗಿ ಮಗುವಿನ ಕುತ್ತಿಗೆಯ ಕೆಳಗೆ ಹೋಯಿತು. ತಲೆ ನಿಂತಿತು. ಮದುವೆಯಾದ ಮೇಲೆ ಅತ್ತೆ ಅವನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಅಂದಿನಿಂದ ಅವರು ಗೋಡೆಯನ್ನೂ ನೋಡಲಿಲ್ಲ, ಪಂಚೆಯ ವಿಷಯವನ್ನೂ ಎತ್ತಲಿಲ್ಲ. ಅವನೋ, ಪ್ರತಿದಿನ ಕೂಸನ್ನು ಕಾಲಿಗೆ ಹಾಕಿಕೊಳ್ಳುವ ಮೊದಲು ಮಂತ್ರದಂತೆ ‘ಕುತ್ತಿಗೆ, ಕುತ್ತಿಗೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಲು ಶುರುಮಾಡಿದ.

ಕೆಲಸವೇನೂ ನಿಂತಿರಲಿಲ್ಲ. ಬಂದರಿಗೆ ರಜೆ ಇಲ್ಲ. ದಿನ ಬಿಟ್ಟು ದಿನ ಹೋಗಬೇಕು, ಉಳಿದ ದಿನ ಮನೆಯಿಂದಲೇ. ಒಂದು ಕಿವಿಯಲ್ಲಿ ಹಡಗಿನವರು, ಒಲೆಯ ಮೇಲೆ ಬೆಳ್ಳುಳ್ಳಿ ಸಾರು. “ಕಂಟೇನರ್ ಇಳಿಯಿತಾ?” ಎಂದು ಕೇಳುತ್ತಲೇ ಸಬ್ಬಸಿಗೆ ಸೊಪ್ಪು ಬಿಡಿಸುವನು. ಬಂದರಿನಿಂದ ಬಂದ ದಿನ ಬಾಗಿಲಲ್ಲೇ ಬಟ್ಟೆ ಕಳಚಿ, ಮಿಂದು, ಆಮೇಲೆ ಅಡುಗೆಮನೆಗೆ. ಬ್ಯಾಡ್ಮಿಂಟನ್ ಬ್ಯಾಟು ಮೂಲೆಯಲ್ಲಿ ಜೇಡರ ಬಲೆ ಕಟ್ಟಿಸಿಕೊಂಡಿತ್ತು. ಅವನಿಗೀಗ ಉಳಿದ ಒಂದೇ ವಿರಾಮವೆಂದರೆ ಮಗು ಹಾಲು ಕುಡಿದು ಮಲಗಿದ ಮೇಲೆ ಅದರ ಮುಖ ನೋಡುತ್ತ ಕೂರುವುದು. ಮೂಗು ತನ್ನದೇ ಎಂದು ಅವನಿಗೆ ಖಾತ್ರಿಯಾಗಿತ್ತು. ವಾದಿಸಲು ಜನವೇ ಇರಲಿಲ್ಲ.

ಎಲ್ಲ ಒಂದು ಹದಕ್ಕೆ ಬರುತ್ತಿದೆ ಎನ್ನುವಾಗ ಸಾಂಬ್ರಾಣಿಯ ಪ್ರಕರಣವಾಯಿತು.

ತಲೆಗೆ ನೀರು ಹಾಕಿಕೊಂಡ ಬಾಣಂತಿಯ ಕೂದಲಿಗೆ ಸಾಂಬ್ರಾಣಿ ಹೊಗೆ ಕೊಡಬೇಕು. ಇಲ್ಲದಿದ್ದರೆ ಶೀತ ತಲೆಯಲ್ಲೇ ಕೂರುತ್ತದೆ. “ಹೊಗೆ ಚೆನ್ನಾಗಿ ಏಳ್ಬೇಕು ಅಳಿಯಂದ್ರೇ, ಊದುಬತ್ತಿ ಥರ ಅಲ್ಲ” ಎಂದಿದ್ದರು ಚಂದ್ರಮ್ಮ. ರತ್ನಾಕರ ಇದ್ದಿಲು ತಂದು, ಗ್ಯಾಸಿನ ಮೇಲೆ ಕೆಂಡ ಮಾಡಿ, ಮಣ್ಣಿನ ಕುಡಿಕೆಯಲ್ಲಿಟ್ಟು, ಧಾರಾಳವಾಗಿ ಸಾಂಬ್ರಾಣಿ ಉದುರಿಸಿದ. ಹೊಗೆ ಚೆನ್ನಾಗಿಯೇ ಎದ್ದಿತು. ಮಗುವಿಗೆ ಉಸಿರು ಕಟ್ಟದಿರಲೆಂದು ಅದರ ಕೋಣೆಯ ಬಾಗಿಲು ಮುಚ್ಚಿ, ಹೊಗೆ ಹೊರಗೆ ಹೋಗಲೆಂದು ಮನೆಯ ಮುಂಬಾಗಿಲನ್ನು ಪೂರಾ ತೆರೆದಿಟ್ಟ. ಮೈಸೂರಿನಲ್ಲಾಗಲಿ ಕುಂದಾಪುರದಲ್ಲಾಗಲಿ ಬುದ್ಧಿ ಇದ್ದವರು ಮಾಡುವುದು ಅದನ್ನೇ.

ಆದರೆ ಆ ಕಟ್ಟಡದ ಮೊಗಸಾಲೆಯ ಚಾವಣಿಯಲ್ಲಿ ಹೊಗೆ ಮೂಸುವ ಯಂತ್ರವಿತ್ತು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ಅದು ಬಲವಾಗಿ ನಂಬಿತ್ತು. ಕಿವಿ ಹರಿಯುವಂತೆ ಗಂಟೆ ಹೊಡೆದುಕೊಳ್ಳತೊಡಗಿತು. ಲಿಫ್ಟು ನಿಂತಿತು. ಕಾವಲುಗಾರರು ಮಹಡಿ ಮಹಡಿಗೆ ಓಡಿಬಂದು ಎಲ್ಲರನ್ನೂ ಇಳಿಸಿದರು. “ಬೆಂಕಿ ಇಲ್ಲ, ಇದು ನಮ್ಮ ಮನೆಯ ಧೂಪ” ಎಂದು ರತ್ನಾಕರ ಎಷ್ಟು ಕೂಗಿದರೂ ಯಾರೂ ಕೇಳಲಿಲ್ಲ. ಇಳಿಯಲೇಬೇಕು, ಅದು ನಿಯಮ. ಮಗುವನ್ನು ಎದೆಗವಚಿಕೊಂಡು ಅವನು ಮುಂದೆ, ಹೊಲಿಗೆಯ ನೋವಿಗೆ ಹಲ್ಲು ಕಚ್ಚಿ ಕಂಬಿ ಹಿಡಿದು ಮಾನಸ ಹಿಂದೆ. ನಾಲ್ಕು ಮಹಡಿ.

ಕೆಳಗೆ, ತಿಂಗಳುಗಟ್ಟಲೆ ಮುಖ ಕಾಣದಿದ್ದ ಇಡೀ ಕಟ್ಟಡದ ಜನ ಮನೆಬಟ್ಟೆಯಲ್ಲಿ, ಮಾಸ್ಕಿನಲ್ಲಿ ದೂರ ದೂರ ನಿಂತಿದ್ದರು. ಅಗ್ನಿಶಾಮಕದ ಕೆಂಪು ಗಾಡಿಯೂ ಬಂತು. ಮಳೆ ಬಂದು ನಿಂತ ಹೊತ್ತು, ಗಾಳಿ ಬೀಸುತ್ತಿತ್ತು. ಬಾಣಂತಿಗೆ ಗಾಳಿ ಸೋಕಬಾರದು ಎಂದು ಕಿವಿಗೆ ಹತ್ತಿ ಇಡಿಸಿ, ಕಿಟಕಿ ಮುಚ್ಚಿ ಅವನು ಕಾಪಾಡಿಕೊಂಡು ಬಂದಿದ್ದ ಮಾನಸ ಒದ್ದೆ ಕೂದಲಲ್ಲಿ ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತು ನಡುಗುತ್ತಿದ್ದಳು. ಅದನ್ನು ನೋಡಿ ರತ್ನಾಕರನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಎನಿಸಿತು.

“ಸಾಕು ರೀ” ಎಂದಳು ಮಾನಸ. ಸಿಟ್ಟಿರಲಿಲ್ಲ, ಬರೀ ಸುಸ್ತು. “ನೀವು ಮಾಡಿದ್ದು ಸಾಕು. ನನಗೆ ಅಮ್ಮ ಬೇಕು. ನಾನು ಊರಿಗೆ ಹೋಗ್ತೀನಿ.”

ಅವನು ಅವಳಿಗೆ ಗಾಳಿ ತಾಗದಂತೆ ಅಡ್ಡವಾಗಿ ನಿಂತ.

ಆಗ ಎದುರುಮನೆಯ ರೋಹಾನಿ ತನ್ನ ಶಾಲನ್ನು ತೆಗೆದು ದೂರದಿಂದಲೇ ಚಾಚಿದಳು. ಮಲಯ್ ಹೆಂಗಸು, ಅರವತ್ತು ದಾಟಿದವಳು. ಕಟ್ಟಡದವರೆಲ್ಲ ಅವಳನ್ನು ಕಾಕ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಏನು ಸುಟ್ಟಿತು ಎಂದು ಕೇಳಿದಳು. ರತ್ನಾಕರ ತಲೆ ತಗ್ಗಿಸಿ ತನ್ನ ಹರಕು ಮಲಯ್‌ನಲ್ಲಿ ಹೇಳಿದ.

“ಅಷ್ಟೇನಾ ಲಾ!” ಎಂದು, ಅಲ್ಲಿಯವರ ಮಾತಿನ ಬಾಲದ ‘ಲಾ’ ಎಳೆಯುತ್ತ, ಅವಳು ನಕ್ಕಳು. “ನಮ್ಮಲ್ಲೂ ಹೆತ್ತವಳಿಗೆ ಕಾವು ಕೊಡ್ತಾರೆ. ಆದ್ರೆ ಹೊಗೆಯಲ್ಲಿ ಅಲ್ಲ, ಕಲ್ಲಿನಲ್ಲಿ. ನನ್ನ ಮೂರು ಹೆರಿಗೆಗೂ ನಮ್ಮಮ್ಮ ಅದನ್ನೇ ಮಾಡಿದ್ದು.” ಸಂಜೆ ಅವಳ ಮನೆಯ ಬಾಗಿಲಲ್ಲಿ ಅವನಿಗಾಗಿ ಒಂದು ಕಲ್ಲು ಇತ್ತು. ಅಂಗೈ ತುಂಬುವ, ನುಣುಪಾದ ಹೊಳೆಗಲ್ಲು. ಬಿಸಿ ಮಾಡಿ, ಎಲೆಯಲ್ಲಿ ಸುತ್ತಿ, ಮೇಲೆ ದಪ್ಪ ಬಟ್ಟೆ ಕಟ್ಟಿ, ಹದ ಬಿಸಿ ನೋಡಿಕೊಂಡು ಸೊಂಟಕ್ಕೆ, ಬೆನ್ನಿಗೆ ಶಾಖ ಕೊಡಬೇಕಂತೆ.

ಬೇರೆ ಯಾರಾದರೂ ಆಗಿದ್ದರೆ ಅಂದಿಗೆ ಕೈಚೆಲ್ಲಿ, ವಿಮಾನಕ್ಕೆ ಹೆಸರು ಬರೆಸಿ ಸುಮ್ಮನಾಗುತ್ತಿದ್ದರು. ರತ್ನಾಕರ ವಿಮಾನಕ್ಕೆ ಹೆಸರು ಬರೆಸಿದ್ದು ನಿಜ. ಮಾತು ಕೊಟ್ಟಿದ್ದ, ಬರೆಸಿದ. ಆದರೆ ಸುಮ್ಮನಾಗಲಿಲ್ಲ. ಹೋಗುವ ದಿನದವರೆಗೂ ಇವಳು ಬಾಣಂತಿ, ನಾನು ಬಾಣಂತನ ಮಾಡುವವನು ಎಂದು ಮನಸ್ಸಿನಲ್ಲೇ ಟೊಂಕ ಕಟ್ಟಿದ. ಚಂದ್ರಮ್ಮನಿಗೆ ತಾನೇ ಫೋನು ಮಾಡಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. ಬೈಗಳಿಗೆ ತಲೆಯೊಡ್ಡಿ ನಿಂತ.

“ಆ ಕಲ್ಲು ತೋರಿಸಿ ನೋಡೋಣ” ಎಂದರು ಚಂದ್ರಮ್ಮ. ತಿರುಗಿಸಿ ಮುರುಗಿಸಿ ಹಿಡಿಯಲು ಹೇಳಿ ನೋಡಿದರು. “ಕಲ್ಲಾದರೇನು, ಕೆಂಡವಾದರೇನು. ಮೈಗೆ ಬೇಕಾದ್ದು ಕಾವು. ಮೊದಲು ನಿಮ್ಮ ಮೊಣಕೈಗೆ ಇಟ್ಟು ನೋಡ್ಕೊಂಡು ಆಮೇಲೆ ಅವಳಿಗೆ ಇಡಿ.”

ಹಾಗೆ ಹೊಸ ಬಾಣಂತನ ಶುರುವಾಯಿತು. ಸಾರು ಮೈಸೂರಿನದು, ಕಲ್ಲು ಕ್ಲಾಂಗಿನದು, ಬಟ್ಟೆ ಕುಂದಾಪುರದ ಪಂಚೆ. ಒದ್ದೆ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಟವೆಲ್ಲಿನಲ್ಲಿ ಒರೆಸಿ ಒಣಗಿಸುವುದನ್ನು ಅವನು ಕಲಿತ. ಮೊದಲು ಮಾನಸ ಮುಖ ತಿರುಗಿಸಿಯೇ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಕಲ್ಲಿನ ಶಾಖಕ್ಕೆ ಸೊಂಟ ಸಡಿಲಾಗಿ ಕುಳಿತಲ್ಲೇ ನಿದ್ದೆ ಹೋದಳು. ಎಚ್ಚರವಾದಾಗ, “ಇನ್ನೂ ಸ್ವಲ್ಪ ಹೊತ್ತು ಇಡ್ರೀ” ಎಂದಳು. ರತ್ನಾಕರ ಅಡುಗೆಮನೆಗೆ ಹೋಗಿ ಯಾರಿಗೂ ಕಾಣದಂತೆ ಅತ್ತ.

ಪಾಸ್‌ಪೋರ್ಟ್ ಬಂತು. ತರಲು ಕ್ವಾಲಾಲಂಪುರಕ್ಕೆ ಅವನೇ ಹೋದ. ದಾರಿಯಲ್ಲಿ ಒಂದು ಸಣ್ಣ ಬುದ್ಧಿ ಕಾಡದೆ ಇರಲಿಲ್ಲ. ಇನ್ನೂ ಬಂದಿಲ್ಲ ಎಂದರೆ ಯಾರು ಕೇಳುತ್ತಾರೆ? ಒಂದು ವಿಮಾನ ತಪ್ಪಿದರೆ ಇನ್ನೊಂದು ಯಾವಾಗಲೋ. ಆ ಬುದ್ಧಿಯನ್ನು ಹೆದ್ದಾರಿಯಲ್ಲೇ ಬಿಟ್ಟು ಬಂದು, ಕೈ ತೊಳೆದು, ಪುಸ್ತಕವನ್ನು ಮಾನಸಳ ಕೈಯಲ್ಲಿಟ್ಟ. ಒಳಗೆ ಕಣ್ಣು ಮುಚ್ಚಿದ ಹಂಸಾಳ ಫೋಟೋ. ಅದೇ ಸಂಜೆ ವಿಮಾನದಲ್ಲಿ ಜಾಗ ಉಂಟು, ನಾಳೆ ಸಂಜೆಯೊಳಗೆ ಬರುವುದು ಖಚಿತಪಡಿಸಿ ಎಂದು ಕರೆಯೂ ಬಂತು.

“ನೀವೇನಂತೀರಿ?” ಎಂದಳು ಮಾನಸ.

“ನಾನು ಎಂತ ಹೇಳುವುದು? ನೀನು ಹೋಗದಿದ್ದರೆ ನನಗೆ ಜೀವ ಬಂದ ಹಾಗೆ. ಆದರೆ ನನ್ನ ಜೀವಕ್ಕೋಸ್ಕರ ನೀನು ಉಳಿಯುವುದು ಬೇಡ. ನಿನಗೆ ಬೇಕಾದ್ದು ಇಲ್ಲಿ ಸಿಕ್ಕಿದರೆ ಉಳಿ.”

ಮಾನಸ ಮಗುವನ್ನು ತಟ್ಟುತ್ತ ಯೋಚಿಸಿದಳು. ಅವಳಿಗೂ ಎರಡು ಕಡೆ ಎಳೆತ. “ನಾಳೆ ಅಮ್ಮ ನೀರು ಹಾಕೋದು ನೋಡ್ಲಿ. ಆಮೇಲೆ ಹೇಳ್ತೀನಿ” ಎಂದಳು.

ಮರುದಿನ ಬೆಳಿಗ್ಗೆ ಫೋನನ್ನು ಬಕೆಟ್ಟಿಗೆ ಒರಗಿಸಿ ಇಟ್ಟರು. ಚಂದ್ರಮ್ಮನಿಗೆ ಎಂದಿನಂತೆ ಅಳಿಯನ ಮುಖ ಕಾಣುತ್ತಿರಲಿಲ್ಲ. ಕಂಡದ್ದು ಮೊಣಕಾಲಿನಿಂದ ಪಾದದವರೆಗೆ ಬರೀ ಕಾಲು, ಎಡ ಮೊಣಕಾಲಿನ ಮೇಲೆ ಎಳವೆಯಲ್ಲಿ ದೋಣಿಯ ಹಲಗೆ ತಾಗಿದ ಗಾಯದ ಕಲೆ. ರತ್ನಾಕರ ‘ಕುತ್ತಿಗೆ, ಕುತ್ತಿಗೆ’ ಎಂದುಕೊಂಡು ಹಂಸಾಳನ್ನು ಕಾಲ ಮೇಲೆ ಹಾಕಿಕೊಂಡ. ಎಣ್ಣೆ ಬೆನ್ನಿಗೆ ಇಳಿಯಿತು. ಕಡಲೆಹಿಟ್ಟು ತೊಡೆಯ ಮಡಿಕೆಗಳಿಗೆ, ಕಂಕುಳಿಗೆ ಹೋಯಿತು. ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು, ಕಣ್ಣಿಗೆ ಒಂದು ಹನಿಯೂ ಇಳಿಯದಂತೆ ತಲೆಗೆ ನೀರು ಎರೆದ. ಮಗು ಮೊದಲು ಕಾಲು ಜಾಡಿಸಿತು, ಆಮೇಲೆ ಮುಷ್ಟಿ ಬಿಚ್ಚಿತು, ಆಮೇಲೆ ಅವನ ಪಾದಗಳ ನಡುವೆ ತಲೆಯಿಟ್ಟು ನೀರಿನ ಕೆಳಗೇ ತೂಕಡಿಸತೊಡಗಿತು.

ಫೋನಿನಿಂದ ಒಂದು ಮಾತೂ ಇಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಅವನಿಗೆ ದಿಗಿಲಾಯಿತು.

“ಅತ್ತೆ, ಇದ್ದೀರಾ?”

“ಇದ್ದೀನಿ.”

“ಎಂತದೂ ಹೇಳಲಿಲ್ಲ ನೀವು ಇವತ್ತು. ತಪ್ಪಾಯಿತಾ?”

“ಹೇಳೋದಕ್ಕೆ ನೀವು ಏನು ಬಾಕಿ ಉಳಿಸಿದ್ದೀರಿ?” ಎಂದರು ಚಂದ್ರಮ್ಮ. ದನಿ ಒಡೆದಿತ್ತು. ಮಾನಸ ಫೋನನ್ನು ಎತ್ತಿಕೊಂಡಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಬರಬೇಡ ಕಣೇ ಮಾನಸ. ಈ ಎಳೆ ಕೂಸನ್ನ ಹೊತ್ಕೊಂಡು, ಅಷ್ಟು ಜನರ ಮಧ್ಯೆ, ಈ ಕಾಯಿಲೆ ಕಾಲದಲ್ಲಿ ಬರೋದು ಬೇಡ. ನನಗೆ ಮೊಮ್ಮಗಳ ಮೇಲೆ ಆಸೆ ಇಲ್ಲ ಅಂತ ತಿಳ್ಕೋಬೇಡ. ಆಸೆಗೇ ಬಾ ಬಾ ಅಂದೆ. ಬಾಣಂತನ ಆಗ್ತಾ ಇದೆ. ನಾನು ಇನ್ನೂ ಚೆನ್ನಾಗಿ ಮಾಡ್ತೀನಿ ಅಂತ ಬಾಯಿ ಬಿಟ್ಟು ಹೇಳೋ ಹಾಗಿಲ್ಲ.”

ಮಾನಸ ಗಂಡನ ಕಡೆ ನೋಡಿದಳು. ಅವನ ಕಾಲ ಮೇಲೆ ಮಗು ಮಲಗಿತ್ತು, ಅವನು ಅಲುಗುವಂತಿರಲಿಲ್ಲ. “ವಿಮಾನದವರಿಗೆ ಬರಲ್ಲ ಅಂತ ಹೇಳ್ಬಿಡಿ” ಎಂದಳು. ಅವನು ತಲೆಯಾಡಿಸಿ, ಆರುತ್ತಿದ್ದ ನೀರಿಗೆ ಒಂದು ಚೊಂಬು ಬಿಸಿನೀರು ಬೆರೆಸಿದ.

ಆಮೇಲಿನ ಎರಡು ವರ್ಷ ಎಲ್ಲರಿಗೂ ಕಳೆದಂತೆ ಅವರಿಗೂ ಕಳೆಯಿತು. ಬಾಗಿಲು ಒಮ್ಮೆ ತೆರೆಯುವುದು, ಮತ್ತೆ ಮುಚ್ಚುವುದು, ಲಸಿಕೆ, ಜ್ವರ, ಹತ್ತಿರದವರ ಸಾವಿನ ಸುದ್ದಿ. ಎರಡನೆಯ ವರ್ಷ, ಊರೆಲ್ಲ ಮತ್ತೆ ಬಾಗಿಲು ಹಾಕಿದ್ದಾಗ, ಶ್ರೀಪತಿಯ ಹೆಂಡತಿಗೆ ದಿನ ತುಂಬಿತು. ಅವಳ ತಾಯಿಯೂ ಬರುವಂತಿರಲಿಲ್ಲ. ಫೋನಿನಲ್ಲಿ ಅವನ ದನಿ ತಗ್ಗಿತ್ತು. “ಗುರು, ಆ ನೀರ್ ಹಾಕೋದು... ಹೇಗೆ ಮಾಡ್ತಿದ್ದೆ ಹೇಳ್ಕೊಡೋ, ಪ್ಲೀಸ್.” ರತ್ನಾಕರ ನಗಬಹುದಿತ್ತು. ನಗಲಿಲ್ಲ. “ಮೊದಲು ಒಂದು ಬೂದುಗುಂಬಳಕಾಯಿ ತಾ ಮಾರಾಯ” ಎಂದ.

ಗಡಿ ಪೂರ್ತಿ ತೆರೆದ ವರ್ಷ, ದಸರೆ ಮುಗಿಸಿಕೊಂಡು ಚಂದ್ರಮ್ಮ ಬಂದರು. ವಿಮಾನ ನಿಲ್ದಾಣದಲ್ಲಿ ಬಹುಮಂದಿ ಇನ್ನೂ ಮಾಸ್ಕಿನಲ್ಲೇ ಇದ್ದರು. ಮಾನಸ ಮಗುವಿಗೆ ನೀರು ತರಲು ಹೋಗಿದ್ದಳು. ಎದುರಿಗೆ ಬಂದ ಅತ್ತೆ ತನ್ನ ಗುರುತು ಹಿಡಿಯುವರೋ ಇಲ್ಲವೋ ಎಂದು ರತ್ನಾಕರ ಕೈ ಎತ್ತುವಷ್ಟರಲ್ಲಿ, ಚಂದ್ರಮ್ಮ ನೆಟ್ಟಗೆ ಅವನ ಬಳಿಗೇ ಬಂದರು. ಅವನು ಚಡ್ಡಿಯಲ್ಲಿದ್ದ.

“ಮುಖ ಮುಚ್ಕೊಂಡ್ರೆ ಏನಂತೆ” ಎಂದರು. “ಈ ಮೊಣಕಾಲು ನನಗೆ ಗೊತ್ತಿಲ್ವೇ?”

ಮನೆಯಲ್ಲಿ ಅದೇ ಸೂಟ್‌ಕೇಸು ಬಿಚ್ಚಿದರು. ಲೇಹ್ಯ ಹೋಗಿತ್ತು, ಸೀರೆಗಳು ಉಳಿದಿದ್ದವು. ಪ್ರತಿ ಹಬ್ಬಕ್ಕೂ ತೆಗೆದು, ಒಗೆದು, ಬಿಸಿಲಿಗೆ ಹಾಕಿ ಮತ್ತೆ ಮಡಿಸಿಟ್ಟಿದ್ದರಂತೆ. ಎರಡೂವರೆ ವರ್ಷದ ಹಂಸಾ ಹೊಸಬರನ್ನು ಕಂಡು ಅಪ್ಪನ ಹಿಂದೆ ಅಡಗಿದ್ದಳು. ಸುತ್ತಬೇಕಾದ ಕೂಸು ಈಗ ಓಡಾಡುವ ಹುಡುಗಿ. ಚಂದ್ರಮ್ಮ ಒಂದು ಸೀರೆಯನ್ನು ತೊಡೆಯ ಮೇಲೆ ಹರಡಿ, ಅಂಚನ್ನು ಸವರುತ್ತ, “ಇನ್ನು ಇದನ್ನ ಏನು ಮಾಡೋದು” ಎಂದು ತಮಗೆ ತಾವೇ ಹೇಳಿಕೊಂಡರು. ಅವರ ಕೈಗೆ ಬರಲೇ ಇಲ್ಲದ ಆ ಎಳೆಯ ಮೈ ರತ್ನಾಕರನಿಗೆ ನೆನಪಾಯಿತು. ಮಗಳನ್ನು ತಾನು ಉಳಿಸಿಕೊಂಡದ್ದರಿಂದ ಅವಳ ಎಳೆತನ ಕಳೆದುಕೊಂಡವರು ಇಲ್ಲಿ ಕುಳಿತಿದ್ದಾರೆ ಎನಿಸಿತು.

ಸ್ವಲ್ಪ ಹೊತ್ತಿಗೆ ಬಚ್ಚಲ ಕಡೆಯಿಂದ ಸದ್ದು. ಹಂಸಾ ಗಿಡ್ಡ ಮಣೆಯನ್ನು ಎಳೆದುಕೊಂಡು ಬಂದು ಅಜ್ಜಿಯ ಎದುರಿಗೇ ಹಾಕಿ ಕುಳಿತಳು. ಪುಟ್ಟ ಕಾಲುಗಳನ್ನು ಚಾಚಿ, ಬಟ್ಟೆಯ ಗೊಂಬೆಯನ್ನು ಮೇಲೆ ಮಲಗಿಸಿದಳು. ಎಡಗೈಯನ್ನು ಗೊಂಬೆಯ ತಲೆಯ ಕೆಳಗೆ ತೂರಿಸಿ, ಹುಬ್ಬು ಗಂಟಿಕ್ಕಿ ಗದರಿದಳು:

“ಕುತ್ತಿಗೆ! ಕುತ್ತಿಗೆ!”

ಚಂದ್ರಮ್ಮನ ಕೈ ಸೀರೆಯ ಮೇಲೆ ಹಾಗೆಯೇ ನಿಂತಿತು. ಅದು ಅವರದೇ ಗದರಿಕೆ, ಅವರದೇ ದಿಗಿಲು. ಅವರು ಬರುವ ಮೊದಲೇ ಆ ಮನೆಗೆ ಬಂದು ಕುಳಿತಿತ್ತು. ಅವರು ಅಳಿಯನ ಮುಖ ನೋಡಿದರು. ಅವನು ನಕ್ಕ. ಚಂದ್ರಮ್ಮ ನೆಲಕ್ಕೆ ಇಳಿದು, ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಒಂದು ತುಂಡು ಹರಿದು ಮೊಮ್ಮಗಳ ಮುಂದೆ ಹಿಡಿದರು.

“ನೀರು ಹಾಕಿ ಆಯ್ತೇನಮ್ಮ? ತಗೋ, ಮಗು ಚಳಿಯಾಗಿ ನಡುಗ್ತಾ ಇದೆ, ಬೇಗ ಸುತ್ತು.”

ಹಂಸಾ ತುಂಡನ್ನು ತೆಗೆದುಕೊಂಡು, ಮೂಸಿ ನೋಡಿ, ಗೊಂಬೆಗೆ ಸುತ್ತಿದಳು.